ಎರಡು ಮೂರೂವರೆ

"ಅಗಿಯೋದು ಎಲ್ಲಿ ಅಂತ ಒಂದೇ ಮಾತು ಏಳ್ಬುಡಿ, ಒತ್ತು ಏರ್ತಾ ಅದೆ" ಎಂದು ಸಣ್ಣಯ್ಯ ಹಾರೆಯನ್ನು ಭುಜದಿಂದ ಇಳಿಸಿ ಜಗಲಿಗೆ ಒರಗಿಸಿದ.

ಅವನು ಬಂದು ಕೇಳುತ್ತಿದ್ದುದು ಇದು ಮೂರನೆಯ ಸಲ. ಮೊದಲ ಸಲ ಸತ್ತವನ ಮಗ ಶಿವಶಂಕರ "ನಮ್ಮವ್ವನ ಪಕ್ಕಕ್ಕೆ" ಎಂದಿದ್ದ. ಎರಡನೆಯ ಸಲ ಹಿರಿಯರಾದ ಪುಟ್ಟಮಲ್ಲಪ್ಪನವರು "ತಡಿ ತಡಿ" ಎಂದು ಅರ್ಧ ದಾರಿಯಿಂದ ವಾಪಸು ಕರೆಸಿದ್ದರು. ಊರಿನಲ್ಲಿ ಯಾರು ಸತ್ತರೂ ಗುಣಿ ತೆಗೆಯುತ್ತಿದ್ದವನು ಅವನೇ. ಹೆಣ ಒಂದು, ಗುಣಿ ಎಲ್ಲಿ ಅಂತ ಯಾರಿಗೂ ತಿಳಿಯದು ಎನ್ನುವ ಪರಿಸ್ಥಿತಿ ಅವನ ಸರ್ವೀಸಿನಲ್ಲಿ ಇದೇ ಮೊದಲು.

ನಂಜಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿತ್ತು. ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವನು ಹೋಗುವ ಮುಂಚೆ ಆಡಿದ್ದು ಒಂದೇ ಮಾತು: "ನನ್ನ ಮೂರೂವರೆಗೆ ಇಡಿ." ಆಗ ಚೆಲುವಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಆಟೋ ತರಲು ಹೊರಟ ಶಿವಶಂಕರ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ. ಚಪ್ಪಲಿ ಸಿಕ್ಕುವಷ್ಟರಲ್ಲಿ ಆಟೋ ಬೇಕಾಗಿರಲಿಲ್ಲ.

"ಇದರಾಗೆ ತಲೆ ಕೆಡಿಸ್ಕೊಳ್ಳೋದು ಏನದೆ?" ಎಂದರು ಪುಟ್ಟಮಲ್ಲಪ್ಪ. "ಮೂರೂವರೆಗೆ ಅಂದ್ರೆ ಟೈಮು ಕಣ್ರೀ. ಇವತ್ತು ಗುರುವಾರ. ಒಂದೂವರೆಯಿಂದ ಮೂರರಗಂಟ ರಾಹುಕಾಲ. ಅದು ಕಳೀಲಿ, ಅರ್ಧ ಗಂಟೆ ಬುಟ್ಟು ಮಣ್ಣು ಮಾಡಿ ಅಂದವ್ನೆ. ತಿಳಿದೋನು."

"ಅವ್ರು ಯಾವತ್ತು ಗಡಿಯಾರ ನೋಡವ್ರೆ ಮಾವ?" ಎಂದಳು ಚೆಲುವಮ್ಮ. "ಮೂರೂವರೆ ಅಂದ್ರೆ ಜಾಗ."

ಜಾಗ ಎಂದ ಮೇಲೆ ಎಲ್ಲರ ಕಣ್ಣೂ ಅಂಗಳದಲ್ಲಿದ್ದ ನಂಜಯ್ಯನ ಸೈಕಲ್ಲಿನ ಕಡೆ ತಿರುಗಿತು. ತಾಪತ್ರಯ ಇದ್ದದ್ದೇ ಅಲ್ಲಿ. ಸೈಕಲ್ಲಿನ ಹ್ಯಾಂಡಲಿನ ಮೇಲೆ ದೂರ ಅಳೆಯುವ ಮೀಟರುಗಳು ಎರಡಿದ್ದವು, ಒಂದು ಹೇಳುವ ಮೂರೂವರೆ ಇನ್ನೊಂದಕ್ಕೆ ಒಪ್ಪಿಗೆಯಿರಲಿಲ್ಲ.

*

ನಂಜಯ್ಯ ನಾಲೆಯ ನೀರುಗಂಟಿ. ಚುಂಚನಕಟ್ಟೆಯಿಂದ ಇಳಿದು ಮಿರ್ಲೆ ಕಡೆಗೆ ಬರುವ ನೀರಿನಲ್ಲಿ ಏಳು ಕಿಲೋಮೀಟರು ಅವನ ಪಾಲಿನದು. ತೂಬು ಎತ್ತುವುದು, ಇಳಿಸುವುದು, ಏರಿಯಲ್ಲಿ ಏಡಿ ತೂತು ಕೊರೆದು ನೀರು ಜಿನುಗಿದರೆ ಆಫೀಸಿಗೆ ತಿಳಿಸುವುದು. ತಿಳಿಸಿ ಏನು ಬಂತು? ಹುಣಸೆಮರದ ಹತ್ತಿರ ಎಂದರೆ ಆಫೀಸಿನವರು ಇನ್ಯಾವುದೋ ಹುಣಸೆಮರದ ಬುಡಕ್ಕೆ ಜೀಪು ಒಯ್ದು, ತೂತು ಕಾಣದೆ ಅವನನ್ನು ಬಯ್ಯುತ್ತಿದ್ದರು. ಬೈಸಿಕೊಂಡು ಸಾಕಾಗಿ ತೊಂಬತ್ತೊಂದರಲ್ಲಿ ಕೆ.ಆರ್. ನಗರದ ಸೈಕಲ್ ಶಾಪಿನಲ್ಲಿ ಒಂದು ಮೀಟರು ಹಾಕಿಸಿಕೊಂಡು ಬಂದ. ಮುಂದಿನ ಚಕ್ರದಿಂದ ಒಂದು ತಂತಿ, ಮೇಲೆ ಗಾಜಿನೊಳಗೆ ಉರುಳುವ ಅಂಕೆಗಳು.

ಅವತ್ತಿನಿಂದ ಅವನ ಪಾಲಿಗೆ ನಾಲೆಯ ಉದ್ದಕ್ಕೂ ನೆಲದ ಹೆಸರು ಹೋಗಿ ನಂಬರು ಬಂತು. ಮನೆ ಮುಂದಿನ ತೂಬು ಸೊನ್ನೆ. ಒಂದೂಕಾಲಲ್ಲಿ ಹಾವು ಕಂಡ್ತು, ಎರಡಕ್ಕೆ ಬುತ್ತಿ ತಗಂಬಾ, ನಾಕರಲ್ಲಿ ಏರಿ ಬಿರುಕು ಬುಟ್ಟದೆ. ಚೆಲುವಮ್ಮ ಮೊದಮೊದಲು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ವರ್ಷ ತಿರುಗುವಷ್ಟರಲ್ಲಿ ಅವಳೇ ನೆರೆಮನೆಯ ಗುರುಶಾಂತಮ್ಮನಿಗೆ "ಒಂದೂವರೆ ತಾವ ಒಳ್ಳೆ ಅಣ್ಣೆಸೊಪ್ಪು ಬಂದದೆ ಕಣಕ್ಕ" ಎನ್ನುತ್ತಿದ್ದಳು.

ಮೂರೂವರೆ ಎಂದರೆ ಪಿತ್ರಾರ್ಜಿತ ಗದ್ದೆ. ಅದರ ಮೂಲೆಯ ಒಣ ದಿಬ್ಬದ ಮೇಲೆ ಬೀರಮ್ಮ ಮಲಗಿದ್ದಳು. ಬೀರಮ್ಮ ನಂಜಯ್ಯನ ಮೊದಲ ಹೆಂಡತಿ, ಶಿವಶಂಕರನನ್ನು ಹೆತ್ತವಳು. ಮಗುವಿಗೆ ಎರಡು ತುಂಬುವ ಮುಂಚೆ ಜ್ವರದಲ್ಲಿ ಹೋದಳು. ಆಮೇಲೆ ಬಂದ ಚೆಲುವಮ್ಮ ಆ ಮಗುವನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ತನಗೆ ಮಕ್ಕಳಾಗಲಿಲ್ಲ. ಬೀರಮ್ಮನ ಮುಖವನ್ನು ಅವಳು ಕಂಡವಳಲ್ಲ, ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಸತ್ತವಳ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಆದರೂ ಹೊಟ್ಟೆಕಿಚ್ಚು ಇದ್ದೇ ಇತ್ತು.

*

ಹನ್ನೊಂದರ ಹೊತ್ತಿಗೆ ಇಂಜಿನಿಯರ್ ವೀರಭದ್ರಸ್ವಾಮಿ ಜೀಪಿನಲ್ಲಿ ಹಾರ ತಂದರು. ಹಾರ ಹಾಕಿ ಕೈಮುಗಿದು ನಿಂತವರನ್ನು ಪುಟ್ಟಮಲ್ಲಪ್ಪ ಬಿಡಲಿಲ್ಲ. ಎರಡನೆಯ ಮೀಟರನ್ನು ತಂದು ಈ ಫಜೀತಿಗೆ ಬೀಜ ಬಿತ್ತಿದವರು ಅವರೇ ತಾನೆ?

"ಸ್ವಾಮಿ, ನೀವೇ ಏಳಿ. ಎರಡರಾಗೆ ಯಾವುದು ದಿಟ?"

ಇಂಜಿನಿಯರು ಸೈಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಎರಡನ್ನೂ ನೋಡಿದರು. "ಹಳೇ ಮೀಟರು ದೊಡ್ಡ ಚಕ್ರದ ಸೈಕಲ್ಲಿಗೆ ಮಾಡಿದ್ದು. ನಂಜಯ್ಯನವರದು ಚಿಕ್ಕ ಚಕ್ರ. ಸುತ್ತು ಸುತ್ತಿಗೂ ಒಂಚೂರು ಜಾಸ್ತಿ ತೋರಿಸ್ತಿತ್ತು, ಪಾಪ. ಸರಿಯಾದದ್ದು ಹೊಸದೇ. ಆಫೀಸಿಗೆ ಒಂದು ವರ್ಷದಿಂದ ಅವರು ಬರೆದು ಕೊಡ್ತಿದ್ದದ್ದೂ ಹೊಸದರ ಲೆಕ್ಕವೇ."

ಹೊಸದರ ಮೂರೂವರೆ ಬರಬೇಕಾದರೆ ಬೀರಮ್ಮನ ದಿಬ್ಬ ದಾಟಿ ಒಂದು ಫರ್ಲಾಂಗಿಗೂ ಮಿಕ್ಕಿ ಮುಂದೆ ಹೋಗಬೇಕು. ಅಲ್ಲಿದ್ದದ್ದು ಚೆಲುವಮ್ಮನ ಅಪ್ಪ ಮದುವೆಯಲ್ಲಿ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹತ್ತು ಗುಂಟೆ.

"ಎಂಡ್ತಿ ತವರಿನ ನೆಲದಾಗೆ ಗಂಡನ್ನ ಮಣ್ಣು ಮಾಡೋದಾ?" ಎಂದು ಯಾರೋ ಗೊಣಗಿದರು.

"ಸಾಯೋನ ಮಾತು ಮೀರಕ್ಕಾಯ್ತದಾ? ಸರ್ಕಾರದೋರೇ ಏಳಿದ್ಮೇಲೆ ಮುಗೀತು" ಎಂದರು ಪುಟ್ಟಮಲ್ಲಪ್ಪ. ಬೆಳಗಿನಿಂದ ತಾನು ಹಿಡಿದಿದ್ದ ರಾಹುಕಾಲವನ್ನು ಅವರು ಎಷ್ಟು ಹೊತ್ತಿಗೆ ಕೈಬಿಟ್ಟರೋ ಅವರಿಗೇ ಗೊತ್ತಿರಲಿಲ್ಲ.

ಗುರುಶಾಂತಮ್ಮ ಚೆಲುವಮ್ಮನ ಬೆನ್ನು ಸವರಿದಳು. "ನಿನ್ನ ಪುಣ್ಯ ಕಣ್ ಚೆಲುವಿ. ಎಷ್ಟಾದ್ರೂ ನಿನ್ನ ತಾವಕ್ಕೇ ಬಂದ. ನಾಳೆ ನೀನೂ ಅಲ್ಲೇ ಅವನ ಮಗ್ಗುಲಿಗೆ."

ಶಿವಶಂಕರ "ಸಾಹೇಬ್ರು ಏಳಿದ್ಮೇಲೆ ಇನ್ನೇನು" ಎಂದು ಹೆಗಲ ಟವಲನ್ನು ತೆಗೆದು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಮೂವತ್ತೈದು ವರ್ಷದ ಗಂಡಸು, ಹುಣಸೂರಿನ ಸಾಮಿಲ್ಲಿನಲ್ಲಿ ಮರ ಎತ್ತಿ ಎತ್ತಿ ಭುಜ ಗಟ್ಟಿಯಾದವನು. ಅವನ ಗಲ್ಲ ನಡುಗುತ್ತಿದ್ದುದು ಚೆಲುವಮ್ಮನಿಗೆ ಕಾಣಿಸಿತು. ಚಿಕ್ಕವನಿದ್ದಾಗ ಬಿದ್ದು ಮಂಡಿ ಒಡೆದುಕೊಂಡರೂ ಅವನು ಹೀಗೆಯೇ ಅಳು ನುಂಗುತ್ತಿದ್ದ.

ಸಣ್ಣಯ್ಯ ಹಾರೆ ಎತ್ತಿಕೊಂಡು ಹೊರಟ.

*

ಹಿಂದಿನ ವರ್ಷ, ಎರಡು ಸಾವಿರದ ಏಳರಲ್ಲಿ, ಈ ಇಂಜಿನಿಯರು ತಮ್ಮ ಸೈಕಲ್ಲಿಗೆ ಹೊಸ ಮಾದರಿಯ ಜಿಪಿಎಸ್ ತರಿಸಿಕೊಂಡಿದ್ದರು. ರಜೆ ಬಂದರೆ ಬೈಲಕುಪ್ಪೆವರೆಗೂ ತುಳಿದುಕೊಂಡು ಹೋಗಿ ಬರುವ ಚಟ ಅವರಿಗೆ. ತಮ್ಮ ಸೈಕಲ್ಲಿನಿಂದ ಬಿಚ್ಚಿದ ಹಿಂದಿನ ಜಿಪಿಎಸ್ಸನ್ನು ನಂಜಯ್ಯನ ಹ್ಯಾಂಡಲಿಗೆ ತಾವೇ ಕೂರಿಸಿ, "ಇದಕ್ಕೆ ತಂತಿ ಗಿಂತಿ ಬೇಡ ನಂಜಯ್ಯನವರೇ, ಆಕಾಶ ನೋಡ್ಕೊಂಡು ಅಳೀತದೆ" ಎಂದಿದ್ದರು.

ನಂಜಯ್ಯ ಹಿಗ್ಗಿ ಹೀರೇಕಾಯಾಗಿ ಹೊರಟವನು ಸಂಜೆ ಬರುವಾಗ ಸೈಕಲ್ಲನ್ನು ತಳ್ಳಿಕೊಂಡು ಬಂದ. ತಟ್ಟೆಯ ಮುಂದೆ ಕೂತರೂ ಮುದ್ದೆ ಮುರಿಯಲಿಲ್ಲ.

"ಅದು ಮೂರೂವರೆ ಅಂದ್ರೆ ಇದು ಮೂರೂಕಾಲು ಅಂತದೆ. ಅದಿನಾರು ವರ್ಸ ನಾನು ಊರಿಗೆಲ್ಲ ಸುಳ್ಳು ಏಳ್ಕೊಂಡು ತಿರುಗಿದ್ನಾ ಚೆಲುವಿ?"

"ನೆಲ ಎಲ್ಲಿತ್ತೋ ಅಲ್ಲೇ ಅದೆ. ಉಣ್ಣಿ ಸುಮ್ಕೆ."

ಮೂರು ದಿನ ಅವನಿಗೆ ದಿಕ್ಕೇ ತೋಚಲಿಲ್ಲ. ನಾಲ್ಕನೆಯ ದಿನ ತಟ್ಟೆಗೆ ಕೈಯಿಟ್ಟು ತಾನಾಗಿಯೇ ಹೇಳಿದ. "ಆಪೀಸಿಗೆ ಒಸದು ಏಳ್ತೀನಿ. ಮನೇಲಿ ಅಳೇದೇ ಇರ್ಲಿ. ಈ ವಯಸ್ಸಲ್ಲಿ ಇಬ್ರೂ ಎಲ್ಲಿ ಅಂತ ಒಸದಾಗಿ ದಾರಿ ಕಲಿಯಾದು." ಆಗ ಮನೆಯಲ್ಲಿ ಇದ್ದವರು ಅವರಿಬ್ಬರೇ.

*

ಚೆಲುವಮ್ಮ ಸುಮ್ಮನೆ ಕುಳಿತಿದ್ದರೆ ಆಗುತ್ತಿತ್ತು. ಆಕಾಶದಲ್ಲಿರುವ ಯಂತ್ರವೂ ಜೀಪಿನಲ್ಲಿ ಬಂದ ಸಾಹೇಬರೂ ಅವಳ ಕಡೆಗಿದ್ದರು. ಎದುರಿಗಿದ್ದದ್ದು ಮುದ್ದೆ ತಟ್ಟೆಯ ಮುಂದೆ ಆಡಿದ ಒಂದು ಮಾತು, ಅದನ್ನು ಕೇಳಿದ ಬೇರೆ ಕಿವಿಯಿಲ್ಲ. ಮೂವತ್ತಮೂರು ವರ್ಷ ಜೊತೆಗಿದ್ದು ಬೇಯಿಸಿ ಹಾಕಿದ್ದೇನೆ, ಇಷ್ಟು ನನಗೆ ಸಲ್ಲುವುದಿಲ್ಲವೇ ಎಂದು ಅವಳ ಜೀವ ಕೇಳಿತು. ಸಲ್ಲುತ್ತದೆ ಎಂದೇ ಅನ್ನಿಸಿತು. ಗೋಡೆಗೆ ಒರಗಿದ್ದ ಗಂಡನ ಮುಖ ನೋಡಿದಳು. ಈ ಮನುಷ್ಯ ಇನ್ನೊಂದು ಮಾತು ಸೇರಿಸಿ ಸತ್ತಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬಂತು.

"ಸಣ್ಣಯ್ಯಣ್ಣ, ನಿಂತ್ಕೋ" ಎಂದಳು.

ಸಣ್ಣಯ್ಯ ಬೇಲಿಯ ಹತ್ತಿರ ನಿಂತ. ನಾಲ್ಕನೆಯ ಸಲ.

"ಒಸದು ಆಪೀಸಿಗೆ ಮಾತ್ರ. ಮನೇಲಿ ಅಳೇದೇ ಅಂತ ಅವ್ರೇ ಏಳಿದ್ರು. ಪ್ರಾಣ ಬುಟ್ಟಿದ್ದು ಮನೇಲಿ. ಅಕ್ಕನ ಪಕ್ಕಕ್ಕೇ ತೆಗಿ."

ಪುಟ್ಟಮಲ್ಲಪ್ಪನವರ ದನಿ ತಗ್ಗಿತು. "ಯೋಚ್ನೆ ಮಾಡವ್ವ. ಆ ದಿಬ್ಬದಾಗೆ ಇನ್ನು ಒಬ್ಬರಿಗಷ್ಟೇ ಜಾಗ. ಆ ಕಡೆ ಪೂರ್ತಿ ಗದ್ದೆ. ಆಮೇಲೆ ನಿನ್ನ ಪಾಡು?"

"ನಂದು ಬುಡಿ ಮಾವ. ನಂಗೆ ಯಾವ ಮೀಟ್ರು" ಎಂದು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಶಿವಶಂಕರ ಅವಳನ್ನೇ ನೋಡುತ್ತ ನಿಂತಿದ್ದ, ಟವಲು ಕೈಯಿಂದ ಜಾರಿ ಬಿದ್ದಿತ್ತು.

*

ತಮಟೆಯ ಹಿಂದೆ ಏರಿಯ ಮೇಲೆ ನಡೆದು ದಿಬ್ಬ ಮುಟ್ಟುವ ಹೊತ್ತಿಗೆ ಮೂರೂವರೆ ಗಂಟೆಯೇ ಆಗಿತ್ತು. ಪುಟ್ಟಮಲ್ಲಪ್ಪ ತಮ್ಮ ಗಡಿಯಾರವನ್ನು ನಾಲ್ಕು ಜನಕ್ಕೆ ತೋರಿಸಿದರು.

ಭತ್ತ ಹೊಡೆ ಬಿಚ್ಚುವ ಕಾಲ. ದಿಬ್ಬದ ಅಂಚಿನವರೆಗೂ ಪೈರು ಒತ್ತಾಗಿ ನಿಂತಿತ್ತು. ಬೀರಮ್ಮನ ಕಲ್ಲಿಗೂ ಪೈರಿಗೂ ನಡುವೆ ಇದ್ದ ಜಾಗವೆಲ್ಲ ಗುಣಿಗೇ ಆಗಿಹೋಗಿತ್ತು. ನಂಜಯ್ಯನನ್ನು ಇಳಿಸಿದರು. ಮೊದಲ ಹಿಡಿ ಮಣ್ಣು ಶಿವಶಂಕರ ಹಾಕಿದ, ಎರಡನೆಯದು ಚೆಲುವಮ್ಮ. ಆಮೇಲೆ ಊರವರು. ಸಣ್ಣಯ್ಯ ಗುದ್ದಲಿಯಲ್ಲಿ ಮಣ್ಣು ಎಳೆಯತೊಡಗಿದಾಗ ಶಿವಶಂಕರ ಎಲ್ಲಿ ಎಂದು ಯಾರೋ ಕೇಳಿದರು.

ಅವನು ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದಿದ್ದ. ದಿಬ್ಬದ ಬುಡದಿಂದ ಶುರುಮಾಡಿ, ಹಾಲು ತುಂಬುತ್ತಿದ್ದ ಪೈರನ್ನು ಎರಡೂ ಕೈಯಿಂದ ಹಿಡಿ ಹಿಡಿಯಾಗಿ ಕಿತ್ತು ಏರಿಯ ಮೇಲೆ ಎಸೆಯುತ್ತಿದ್ದ. ಬೆಳೆದ ಪೈರನ್ನು ಹಾಗೆ ಕೀಳಬಾರದು ಎಂದು ಹೇಳಬೇಕಾದ ಹಿರಿಯರೆಲ್ಲ ಬಾಯಿ ಮುಚ್ಚಿಕೊಂಡು ನೋಡಿದರು. ಒಂದಾಳುದ್ದ ಕೆಸರು ಬಯಲಾದ ಮೇಲೆ ಅವನು ಬೆನ್ನು ನೆಟ್ಟಗೆ ಮಾಡಿ ತಿರುಗಿದ. ಮೊಣಕೈವರೆಗೂ ಮಣ್ಣು.

"ಮಣ್ಣು ತುಂಬಿ ಎತ್ತರಿಸಿಬುಡ್ತೀನಿ. ಇಷ್ಟು ಸಾಕಾ ಚಿಕ್ಕವ್ವ?"

ಚೆಲುವಮ್ಮ ದಿಬ್ಬದ ಅಂಚಿಗೆ ಬಂದು ಕೆಳಗೆ ನೋಡಿದಳು. ಆ ಜಾಗದ ಉದ್ದ ನೋಡಿದಳು, ಅಗಲ ನೋಡಿದಳು.

"ಇನ್ನೊಂದು ಸಾಲು ಕೀಳು" ಎಂದಳು.

ಅವನು ಬಗ್ಗಿ ಇನ್ನೊಂದು ಸಾಲು ಕೀಳತೊಡಗಿದ.