ಎಂಜಿನ್ ಬಂದ್ ಮಾಡೂದಿಲ್ಲ

ಹಾನಗಲ್ಲಿನ ಆ ಮದುವೆ ಮನೆಯಲ್ಲಿ ಮಾದೇವಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮೇಕಪ್ಪಿನ ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತ ಒಳಗೆ ಬರುವ ಹೊತ್ತಿಗೆ ಮದುಮಗಳು ಅಂಕಿತಾ ಹಂದರದಲ್ಲಿ ಕೂತಾಗಿತ್ತು. ಯಾರೋ ಅತ್ತೆಯೊಬ್ಬಳು ಅವಸರಕ್ಕೆ ಮೆತ್ತಿದ ಪೌಡರು ಗದ್ದದವರೆಗೆ ಬಂದು ಅಲ್ಲಿಗೇ ನಿಂತಿತ್ತು. ಒಂದು ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು. ಹುಡುಗಿ ಮಾದೇವಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು.

"ಬಂದ್ರೇನ್ರಿ?" ಅಂದಳು ಹುಡುಗಿಯ ತಾಯಿ. "ಊಟಾ ಮಾಡ್ಕೊಂಡ ಹೋಗ್ರಿ."

ಅಷ್ಟೇ. ಮಾದೇವಿ ಊಟ ಮಾಡಲಿಲ್ಲ.

ಹಿರೇಕೆರೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಬ್ಯೂಟಿ ಪಾರ್ಲರು. ಸುತ್ತಲಿನ ತಾಲೂಕುಗಳಲ್ಲಿ ಎಲ್ಲಿ ಮದುವೆ ಗೊತ್ತಾದರೂ ಮದುಮಗಳನ್ನು ಸಿಂಗರಿಸಲು ಅವಳಿಗೇ ಕರೆ ಬರುತ್ತಿತ್ತು. ನಸುಕಿನಲ್ಲಿ ಬಸ್ಸು ಸಿಗುವುದಿಲ್ಲ, ಬಾಡಿಗೆ ಗಾಡಿಯವರು ಹೇಳಿದ ಹೊತ್ತಿಗೆ ಬರುವುದಿಲ್ಲ. ಅದೇ ರೇಜಿಗೆಗೆ ಸ್ವಂತ ದುಡಿಮೆಯಲ್ಲಿ ಹೊಸ ಕಾರು ಕೊಂಡಿದ್ದಳು, ಓಡಿಸುವುದನ್ನೂ ತಾನೇ ಕಲಿತಿದ್ದಳು. ಗಂಡ ಗುದ್ಲೆಪ್ಪ ಮಾಸೂರಿನ ಶಾಲೆಯಲ್ಲಿ ಮಾಸ್ತರ. ಬೈಕು ಬಿಟ್ಟರೆ ಬೇರೇನನ್ನೂ ಓಡಿಸಿದವನಲ್ಲ.

ಆ ದಿನ ಕಾರು ತಿಳವಳ್ಳಿ ದಾಟಿದ್ದೇ ತಡ, ಎದುರಿಗೆ ಹಳದಿ ದೀಪ ಹೊತ್ತಿಕೊಂಡಿತ್ತು. ಆಮೇಲೆ ಎಕ್ಸಲರೇಟರನ್ನು ಎಷ್ಟು ತುಳಿದರೂ ಗಾಡಿ ಎತ್ತಿನ ಬಂಡಿಯ ಹಾಗೆ ತೆವಳತೊಡಗಿತು. ದಿಕ್ಕು ತೋಚದೆ ಅದನ್ನು ಬದಿಗೆ ನಿಲ್ಲಿಸಿ, ಹಾಲಿನ ಗಾಡಿಯೊಂದಕ್ಕೆ ಕೈ ಮಾಡಿ ಹತ್ತಿದ್ದಳು. ಮದುವೆ ಮುಗಿದ ಮೇಲೆ ಹೋಗಿ ಕೀ ತಿರುಗಿಸಿದರೆ ದೀಪವೂ ಇಲ್ಲ, ತೊಂದರೆಯೂ ಇಲ್ಲ. ಮಳ್ಳನ ಹಾಗೆ ನಿಂತಿದ್ದ ಗಾಡಿ ಜಿಗಿದು ಓಡಿತು.

ಇಂಥದು ಅದೇ ಮೊದಲಲ್ಲ. ಹಿಂದೆ ಎರಡು ಸಲ ಹೀಗಾದಾಗಲೂ ಶಿಗ್ಗಾಂವಿಯ ಹೊರಗಿನ ಶೋರೂಮಿಗೆ ಒಯ್ದಿದ್ದಳು. ಅಲ್ಲಿನ ಸರ್ವಿಸ್ ಮ್ಯಾನೇಜರ್ ಸಂಜಯ ಎರಡೂ ಸಲ ಜೊತೆಗೆ ಬಂದಿದ್ದ ಗುದ್ಲೆಪ್ಪನಿಗೆ ಕುರ್ಚಿ ಎಳೆದು ಕೊಟ್ಟು, ಅವನ ಮುಖ ನೋಡಿಕೊಂಡೇ ಮಾತಾಡಿದ್ದ. "ಸರ್, ಸ್ಕ್ಯಾನ್ ಮಾಡೀವಿ, ಏನೂ ಇಲ್ಲ. ಲೇಡೀಸು ಓಡಸ್ತಾರಲ್ರಿ, ಕ್ಲಚ್ ಮ್ಯಾಲೆ ಕಾಲಿಟ್ಟಿರ್ತಾರ. ಹೊಸದಾಗಿ ಕಲತವ್ರಿಗೆ ಹಿಂಗ ಅನಸ್ತೈತಿ." ಆಮೇಲೆ ಗಾಡಿ ತೊಳೆದು ಕೊಟ್ಟು ಕಳಿಸಿದ್ದ.

ಹಾನಗಲ್ಲಿನ ಮದುವೆಯ ನಂತರ ಅವಳೊಬ್ಬಳೇ ಹೋದಳು. ಈ ಸಲವೂ ಅದೇ ಸ್ಕ್ಯಾನು, ಗಾಡಿ ತೊಳೆಯಲು ಅದೇ ನೀರು, ಅದೇ ನಗು. "ದೀಪ ಹತ್ತಿದ್ದಾಗ ತಂದ ತೋರಸ್ರಿ ಮೇಡಂ. ಕಾಣಲಾರದ ರೋಗಕ್ಕ ನಾವೇನ ಔಷಧಾ ಕೊಡೂನ್ರಿ?"

ಅಷ್ಟರಲ್ಲಿ ಹಾನಗಲ್ಲಿನ ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿತ್ತು. ಮಾದೇವಿ ಮುಹೂರ್ತಕ್ಕೆ ಕೈಕೊಟ್ಟಳಂತೆ, ಜಾಸ್ತಿ ಕೊಡುವವರು ಸಿಕ್ಕರೆ ಅಲ್ಲಿಗೆ ಹೋಗುತ್ತಾಳಂತೆ. ಗೊತ್ತಾಗಿದ್ದ ಮದುವೆಗಳಲ್ಲಿ ಕೆಲವರು ಬೇರೆಯವರಿಗೆ ಹೇಳಿಬಿಟ್ಟರು. ಒಂದೊಂದು ಫೋನು ಬಂದಾಗಲೂ ಮಾದೇವಿಗೆ ಕಾಡಿಗೆ ಸೋರಿದ ಆ ಮುಖ ನೆನಪಾಗುತ್ತಿತ್ತು.

ಸವಣೂರಿನಲ್ಲಿ ಒಂದು ನಿಕಾ ಇತ್ತು. ಕೆಲಸದ ಜೊತೆಗಾತಿ ಮಾಸೂಮಾ ಅದೇ ಊರಿನವಳು. ಅವಳ ಮಾತಿನ ಮೇಲೆ ಸಿಕ್ಕಿದ್ದು. ಮದುಮಗಳ ಸಿಂಗಾರ ಚೆಂದವಾಗಿ ಮುಗಿದು, ಇಬ್ಬರೂ ಊಟ ಮಾಡಿ ಹೊರಟು ಊರ ಹೊರಗೆ ಬಂದಿದ್ದರಷ್ಟೇ, ದೀಪ ಹೊತ್ತಿತು. ಗಾಡಿ ಸತ್ತಂತಾಯಿತು.

"ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ ಅಕ್ಕಾ, ಸರಿ ಆಕ್ಕೈತಿ," ಅಂದಳು ಮಾಸೂಮಾ.

ಮಾದೇವಿಯ ಕೈ ಕೀಲಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

"ಇಲ್ಲ," ಅಂದಳು. "ದೀಪ ಹತ್ತಿದ್ದಾಗ ತರ್ರಿ ಅಂದಾನಲ್ಲ? ಹಿಂಗ ಒಯ್ತೇನಿ."

"ಶಿಗ್ಗಾಂವಿ ತನಕ? ಹಿಂಗ ತೆವಳಕೋಂತ?"

"ಹಿಂಗ."

ಬಿಸಿಲು ಕಾರಿನ ತಗಡನ್ನು ಕಾಯಿಸುತ್ತಿತ್ತು. ನಾಲ್ಕೂ ಮೂಲೆಯ ದೀಪ ಮಿನುಗಿಸುತ್ತ ಮಾದೇವಿ ರಸ್ತೆಯ ಎಡಕ್ಕೆ ಅಂಟಿಕೊಂಡು ಹೋದಳು. ಗೋವಿನಜೋಳ ತುಂಬಿದ ಟ್ರ್ಯಾಕ್ಟರು ಅವರನ್ನು ಹಿಂದೆ ಹಾಕಿತು. ಬಸ್ಸಿನವನು ಹಾರ್ನು ಒತ್ತಿ ಹಿಡಿದು, ಕಿಟಕಿಯಿಂದ ಕೈ ಬೀಸಿ ಏನೋ ಅಂದು ಹೋದ. ಬೈಕಿನವನೊಬ್ಬ ಪಕ್ಕಕ್ಕೆ ಬಂದು ಇಣುಕಿ, "ಅಡಗಿ ಮನಿಗೆ ಹೋಗ್ರಿ ಅಕ್ಕಾರ," ಅಂದು ನಕ್ಕ. ಮಾಸೂಮಾ ಗಾಜಿಳಿಸಿ ಅವನಿಗೆ ಉರ್ದುವಿನಲ್ಲಿ ಕೊಟ್ಟ ಉತ್ತರಕ್ಕೆ ಅವನ ನಗು ಹಾರಿಹೋಯಿತು. ಮಾದೇವಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಶೋರೂಮು ಮುಟ್ಟಿದಾಗ ಅವಳು ಹಿಂದಿನ ಸರ್ವಿಸ್ ಗೇಟಿಗೆ ಹೋಗಲೇ ಇಲ್ಲ. ನೇರ ಮುಂದಿನ ಅಂಗಳಕ್ಕೆ ನುಗ್ಗಿಸಿ ಗಾಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಅಲ್ಲಿ ಹೂವಿನ ಹಾರ ಹಾಕಿಕೊಂಡು ಅಂಥದೇ ಇನ್ನೊಂದು ಕಾರು ನಿಂತಿತ್ತು. ರಟ್ಟೀಹಳ್ಳಿಯ ಮಹಾಲಿಂಗಪ್ಪ ಅನ್ನುವ ಹಿರಿಯರೊಬ್ಬರು ಮನೆಮಂದಿಯ ಜೊತೆ ಅದನ್ನು ಒಯ್ಯಲು ಬಂದಿದ್ದರು. ತೆಂಗಿನಕಾಯಿ ಇನ್ನೂ ಅವರ ಕೈಯಲ್ಲೇ ಇತ್ತು.

ಸಂಜಯ ಓಡಿ ಬಂದ. "ಮೇಡಂ, ಇಲ್ಲಿ ಯಾಕ? ಬಂದ್ ಮಾಡ್ರಿ, ಹಿಂದ ತುಗೊಂಡ ಹೋಗ್ತಾರ ನಮ್ಮ ಹುಡುಗ್ರು."

"ಎಂಜಿನ್ ಬಂದ್ ಮಾಡೂದಿಲ್ಲ. ಬರ್ರಿ, ನೀವ ಕುಂತು ಓಡಸ್ರಿ. ನಾ ಕ್ಲಚ್ ಮ್ಯಾಲೆ ಕಾಲಿಡ್ತೇನಲ್ಲ, ನಿಮ್ಮ ಕಾಲಿಗೆ ಏನಾಕ್ಕೈತಿ ನೋಡೂಣು."

"ಮೇಡಂ, ಕಸ್ಟಮರ್ಸ್ ಅದಾರ..."

"ನಾ ಯಾರು ಹಂಗಾರ?"

ಅವಳ ದನಿ ಅವಳಿಗೇ ಹೊಸದಾಗಿತ್ತು. ಒಳಗಿದ್ದವರೆಲ್ಲ ಹೊರಗೆ ಬಂದರು. ಸಂಜಯ ಸ್ವಲ್ಪ ದೂರ ಹೋಗಿ ಗುದ್ಲೆಪ್ಪನಿಗೆ ಫೋನು ಹಚ್ಚಿದ. "ಸರ್, ನಿಮ್ಮ ಮನಿಯವರು ಇಲ್ಲಿ ಗಲಾಟೆ ಮಾಡಾಕತ್ತಾರ." ಆ ಕಡೆಯಿಂದ ಏನು ಉತ್ತರ ಬಂತೋ, ಅವನ ಮುಖ ಇಳಿಯಿತು. ಫೋನು ಜೇಬಿಗೆ ಹಾಕಿ, ಬೇರೆ ದಾರಿಯಿಲ್ಲದೆ ಬಂದು ಸ್ಟೇರಿಂಗ್ ಹಿಡಿದ. ತುಳಿದ. ಗಾಡಿ ತೆವಳಿತು. ಇನ್ನೂ ತುಳಿದ. ಅಂಗಳದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಸೆನ್ಸರ್ ಹೋಗೈತ್ರಿ," ಅಂದ ಇಳಿದು. "ಎಕ್ಸಲರೇಟರಿನ ಸೆನ್ಸರ್. ಆರ್ಡರ್ ಹಾಕ್ತೇನಿ. ಬರೂದು ಸ್ವಲ್ಪ ತಡಾ ಆಕ್ಕೈತಿ."

ಮಹಾಲಿಂಗಪ್ಪ ಮುಂದೆ ಬಂದರು. "ತಮ್ಮಾ, ಇದು ನಾ ತುಗೊಳ್ಳಾಕತ್ತಿದ ಗಾಡೀನ ಹೌದಲ್ಲೋ?"

"ನಿಮ್ಮದು ಹೊಸಾ ಸ್ಟಾಕ್ ಐತ್ರಿ ಯಜಮಾನ್ರ, ಇದಕ್ಕೂ ಅದಕ್ಕೂ ಸಂಬಂಧಿಲ್ಲ. ಆ ಬ್ಯಾಚಿನ ಗಾಡಿಗೋಳಿಗಷ್ಟ ಹಿಂಗ ಆಕ್ಕೈತಿ ಅಂತ ಕಂಪನಿಯವರು ಮೊದಲ..."

ಅವನು ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹೊರಬಿದ್ದಾಗಿತ್ತು.

"ಮೊದಲ ಏನು?" ಮಾದೇವಿ ಅವನ ಮುಂದೆ ಬಂದು ನಿಂತಳು. "ಮೊದಲ ಹೇಳಿದ್ರು? ನಿಮಗ ಗೊತ್ತಿತ್ತು?"

"ದೂರು ಬಂದ್ರ ಬದಲಿ ಮಾಡ್ರಿ ಅಂದಿದ್ರು..."

"ನಾ ಮಾಡಿದ್ದು ದೂರು ಅಲ್ಲೇನು? ಹಾಡು ಹೇಳಾಕ ಬಂದಿದ್ನೇನು ಇಲ್ಲಿ? ಸ್ಕ್ಯಾನ್ ಮಾಡಿದಾಗ ಬಂದಿದ್ದಿಲ್ಲೇನು ಅದು?"

ಸಂಜಯ ಹೌದೆನ್ನುವಂತೆ ತಲೆಯಾಡಿಸಿದ. ಬಂದಿತ್ತು. ಸ್ಕ್ಯಾನಿನಲ್ಲಿ ಕಂಡ ದೋಷವನ್ನು ಅಳಿಸಿ, ಗಾಡಿ ತೊಳೆದು ಕಳಿಸಿದ್ದರು.

ಮಹಾಲಿಂಗಪ್ಪ ತೆಂಗಿನಕಾಯಿಯನ್ನು ಮಗನ ಕೈಗೆ ಕೊಟ್ಟರು. "ಮೊದಲ ಈ ತಂಗೀದು ಸರಿ ಮಾಡ್ರಿ. ಅಲ್ಲೀತನಕ ನಾ ಕಾಯಿ ಒಡಿಯೂದಿಲ್ಲ."

ಆಗ ಎಲ್ಲವೂ ಸಿಕ್ಕಿತು. ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಕಾರಿನಿಂದ ಆ ಭಾಗ ಬಿಚ್ಚಿ ತಂದರು. ಮೆಕ್ಯಾನಿಕ್ ಮಾದೇವಿಯ ಕಾರಿನ ಪೆಡಲುಗಳ ಬಳಿ ತಲೆ ಹಾಕಿದವನು, ಮಾಸೂಮಾ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಎದ್ದು ಕೈ ಒರೆಸಿಕೊಂಡ.

"ಆತೇನು?" ಕೇಳಿದಳು ಮಾದೇವಿ.

"ಆತ್ರಿ."

"ಇಷ್ಟನ?"

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇಷ್ಟೇ ಕೆಲಸ, ಒಂದು ಚಹಾದಷ್ಟು. ಇಷ್ಟಕ್ಕೆ ಒಂದು ಹುಡುಗಿ ಜನ್ಮಕ್ಕೊಮ್ಮೆ ಬರುವ ದಿನ ಅಳುಮುಖ ಹೊತ್ತು ಕೂತಿದ್ದಳು. ಸಂಜಯ ಕೈಯಲ್ಲಿ ಏನೋ ಹಿಡಿದು ಬಂದ: ಕಾರಿನಲ್ಲಿಡುವ ಸುಗಂಧದ ಬಾಟಲಿ. "ಕಂಪನಿ ಕಡಿಂದ್ರಿ. ಮುಂದಿನ ಸರ್ವಿಸೂ ಫ್ರೀ."

ಮಾದೇವಿ ಅದನ್ನು ಮುಟ್ಟಲಿಲ್ಲ. ತನ್ನ ಫೋನಿನಲ್ಲಿ ಹಾನಗಲ್ಲಿನ ನಂಬರು ಹಚ್ಚಿ, ಸ್ಪೀಕರಿಗೆ ಹಾಕಿ ಅವನ ಬಾಯಿಯ ಮುಂದೆ ಹಿಡಿದಳು. "ಅಂಕಿತಾನ ತಾಯಿ. ಹೇಳ್ರಿ. ಯಾರ ತಪ್ಪಿಗೆ ನಾ ತಡಾ ಮಾಡಿದ್ನಿ ಅಂತ ಹೇಳ್ರಿ."

ಅವನು ತಡವರಿಸುತ್ತ ಹೇಳಿದ. ಗಾಡಿಯದು ತಪ್ಪು, ನಮಗೆ ಮೊದಲೇ ಗೊತ್ತಿತ್ತು, ಮೇಡಮ್ಮಂದೇನೂ ಇಲ್ಲ.

"ಈಗ ಹೇಳಿದ್ರ ಏನ ಮಾಡೂನಪಾ," ಅಂದಳು ಆ ತಾಯಿ. "ಫೋಟೋ ನೋಡಿದಾಗೊಮ್ಮೆ ನನ್ನ ಮಗಳು ಅಳ್ತಾಳ." ಫೋನು ಇಟ್ಟಳು.

ಸಂಜಯ ತಲೆ ತಗ್ಗಿಸಿದ. ಮಹಾಲಿಂಗಪ್ಪ ಹಾರ ಹಾಕಿದ ಕಾರನ್ನು ಅಲ್ಲೇ ಬಿಟ್ಟು, "ಇನ್ನೊಮ್ಮೆ ವಿಚಾರ ಮಾಡ್ತೇವಿ," ಅನ್ನುತ್ತ ಮನೆಮಂದಿಯನ್ನು ಕರೆದುಕೊಂಡು ಹೊರಟರು.

ದಾರಿಯಲ್ಲಿ ಗಾಡಿ ಮಾತು ಕೇಳಿತು. ಬಂಕಾಪುರ ದಾಟಿದ ಮೇಲೆ ಮಾಸೂಮಾ ಮೆಲ್ಲಗೆ, "ಗೆದ್ರಿ ಅಕ್ಕಾ," ಅಂದಳು.

"ಏನ ಗೆದ್ದೆ?" ಅಂದಳು ಮಾದೇವಿ. "ನಾಳೆ ವಕೀಲರ ಕಡೆ ಹೋಗೂದೈತಿ. ಗ್ರಾಹಕರ ಕೋರ್ಟಿಗೆ ಹಾಕ್ತೇನಿ. ನೀನೂ ಬಾ, ನಿನ್ನ ಸಾಕ್ಷಿ ಬೇಕು."

"ಬರ್ತೇನಿ."

ಮುಂದೆ ಕಬ್ಬಿನ ಲಾರಿಯೊಂದು ದಾರಿ ಬಿಡದೆ ಹೋಗುತ್ತಿತ್ತು. ಮಾದೇವಿ ಹಾರ್ನಿನ ಮೇಲೆ ಅಂಗೈ ಒತ್ತಿ, ಅದು ಬದಿಗೆ ಸರಿಯುವವರೆಗೂ ತೆಗೆಯಲಿಲ್ಲ.