ಗೇಜು ಲೆಕ್ಕಕ್ಕೆ ಹಿಡಿಯದ ಗಾಳಿ

ಲೆಕ್ಕದ ಪುಸ್ತಕ ಬರೆದವನು ಒಂದು ದಿನವಾದರೂ ಬಾಯ್ಲರ್ ಮುಂದೆ ನಿಂತಿದ್ದರೆ ‘ಶಾಖ ಸ್ವಲ್ಪವೂ ಹೊರಗೆ ಹೋಗುವುದಿಲ್ಲ ಎಂದು ಭಾವಿಸಿ’ ಎಂದು ಬರೆಯುತ್ತಿರಲಿಲ್ಲ. ಭಾವಿಸಬೇಕಂತೆ! ಹೋಗದ ಶಾಖಕ್ಕೆ ನಾನು ಆರು ವರ್ಷದಿಂದ ಬೆವರುತ್ತಿದ್ದೇನೆಯೇ?

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ನನ್ನ ಕೆಲಸ. ಅಲ್ಲಿ ಹಬೆ ಕೊಡುವ ಬಾಯ್ಲರಿಗೆ ತಾತ ದಿಕ್ಕು, ತಾತನ ಕೈಕೆಳಗೆ ನಾನು. ಸ್ವಂತ ತಾತನಲ್ಲ, ಇಡೀ ಲಾಂಡ್ರಿಗೇ ತಾತ. ಬೆಂಕಿ ಹೊತ್ತಿಸುವುದು, ನೀರಿನ ಮಟ್ಟ ನೋಡುವುದು, ವಾಲ್ವು ತಿರುಗಿಸುವುದು ಎಲ್ಲವನ್ನೂ ನಾನೇ ಮಾಡುತ್ತೇನೆ. ಆದರೆ ತಾತ ಪಕ್ಕದಲ್ಲಿ ಕೂತಿರಲೇಬೇಕು. ಬಾಯ್ಲರ್ ನಡೆಸುವ ಸರ್ಟಿಫಿಕೇಟು ಇರುವುದು ಅವರ ಹೆಸರಲ್ಲಿ.

ಇನ್ನು ಎರಡು ತಿಂಗಳಿಗೆ ತಾತ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ನಾನು ಪರೀಕ್ಷೆ ಪಾಸಾದರೆ ಬಾಯ್ಲರ್ ನನ್ನದು. ಇಲ್ಲದಿದ್ದರೆ ಯಾವನೋ ಸರ್ಟಿಫಿಕೇಟು ಹಿಡಿದುಕೊಂಡು ಬರುತ್ತಾನೆ. ಯಾವ ವಾಲ್ವು ಎಲ್ಲಿದೆ ಎಂದು ಅವನಿಗೆ ತೋರಿಸಿಕೊಟ್ಟು ನಾನು ಮತ್ತೆ ಕೈಕೆಳಗೇ ನಿಲ್ಲಬೇಕು. ಈಗಾಗಲೇ ಎರಡು ಸಲ ಫೇಲಾಗಿದ್ದೇನೆ. ಎರಡು ಸಲವೂ ಕೈಕೊಟ್ಟದ್ದು ಲೆಕ್ಕ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಅನಿಲ ಹಿಗ್ಗುವ ನಿಯಮವನ್ನು ಯಾರು ಹೇಳಿಕೊಟ್ಟಿದ್ದರು?

ಈ ಸಲ ಹೇಳಿಕೊಡಲು ಕೂತವರು ಅತ್ತಿಗೆ. ಎರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು, ಈಗ ಮನೆಯಲ್ಲೇ ಅಂಗಡಿಗಳಿಗೆ ಅಂಗಿ ಹೊಲಿಯುತ್ತಾರೆ. ನನ್ನ ಬೆಳಗಿನ ಪಾಳಿ ಮುಗಿದ ಮೇಲೆ, ಮಧ್ಯಾಹ್ನ, ಕಿಟಕಿಯ ಪಕ್ಕ ಅವರ ಮಿಷನ್ನು ಓಡುತ್ತಿರುತ್ತದೆ. ನಾನು ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತೇನೆ.

“ಓದು, ಜೋರಾಗಿ ಓದು. ನನ್ನ ಕಣ್ಣು ಕಾಲರಿನ ಮೇಲಿದೆ.”

ಓದಿದೆ. ಮುಚ್ಚಿದ ಸಿಲಿಂಡರಿನಲ್ಲಿ ಗಾಳಿ ಇದೆ. ಉಷ್ಣತೆ ಇಪ್ಪತ್ತೇಳು ಡಿಗ್ರಿ. ಒತ್ತಡ ಅಳೆಯುವ ಗೇಜು ಎರಡು ಬಾರ್ ತೋರಿಸುತ್ತಿದೆ. ನೂರ ಇಪ್ಪತ್ತೇಳು ಡಿಗ್ರಿಗೆ ಕಾಯಿಸಿದರೆ ಗೇಜು ಎಷ್ಟು ತೋರಿಸುತ್ತದೆ?

ನೂರ ಇಪ್ಪತ್ತೇಳನ್ನು ಇಪ್ಪತ್ತೇಳರಿಂದ ಭಾಗಿಸಿ ಎರಡರಿಂದ ಗುಣಿಸಿದೆ. “ಒಂಬತ್ತೂವರೆ ಹತ್ರ ಬಂತು ಅತ್ತಿಗೆ. ಆದ್ರೆ ಇದು ಸುಳ್ಳು. ಅಷ್ಟು ಕಾಯಿಸಿದ್ದಕ್ಕೆ ಮುಳ್ಳು ಹಾಗೆಲ್ಲ ಎಗರಲ್ಲ.”

“ಸದ್ಯ, ಅಷ್ಟಾದ್ರೂ ಗೊತ್ತಾಯ್ತಲ್ಲ. ಡಿಗ್ರಿಗೆ ಇನ್ನೂರ ಎಪ್ಪತ್ತಮೂರು ಕೂಡಿಸ್ಬೇಕು ಅಂತ ನಿನ್ನೆ ಬಾಯಿ ನೋಯೋ ಹಾಗೆ ಹೇಳಿದ್ನಲ್ಲ, ಮಹರಾಯ?”

ಕೂಡಿಸಿದೆ. ಮುನ್ನೂರು, ನಾನೂರು. ಉತ್ತರ ಎರಡು ಮುಕ್ಕಾಲಿಗಿಂತ ತುಸು ಕಡಿಮೆ. ಪುಸ್ತಕದ ಹಿಂದೆ ನೋಡಿದರೆ ಮೂರು.

“ಮೂರಾ? ಕೊಡಿಲ್ಲಿ” ಎಂದು ಅತ್ತಿಗೆ ಮಿಷನ್ನು ನಿಲ್ಲಿಸಿ ತಾವೇ ಮಾಡಿದರು. ಅವರಿಗೂ ಅಷ್ಟೇ ಬಂತು. “ಅಚ್ಚಿನ ತಪ್ಪಿರ್ಬೇಕು, ಬಿಡು.”

ಬಿಡುವುದು ಹೇಗೆ? ಉತ್ತರವೇ ತಪ್ಪಿರುವ ಪುಸ್ತಕ ಓದಿ ಪಾಸಾಗಬೇಕೇ? ಎರಡು ಸಲ ನನ್ನನ್ನು ಫೇಲು ಮಾಡಿದವರೂ ಇದೇ ಉತ್ತರ ಇಟ್ಟುಕೊಂಡು ಕೂತಿದ್ದರೋ ಏನೋ. ತಲೆಗೆ ರಕ್ತ ಏರಿತು. ಪುಸ್ತಕ ಎತ್ತಿ ಗೋಡೆಗೆ ಬೀಸಿದೆ. ಅದು ಎರಡು ಹೋಳಾಗಿ ಬಟ್ಟೆ ಚೂರುಗಳ ರಾಶಿಗೆ ಬಿತ್ತು.

ಅತ್ತಿಗೆ ಬೈಯಲಿಲ್ಲ. “ನಿಮ್ಮಣ್ಣಂಗೆ ಬರ್ಬೇಕಾದ ಸಿಟ್ಟೂ ನಿನ್ನ ಪಾಲಿಗೇ ಬಂದಿದೆ” ಎಂದು ಮತ್ತೆ ಪೆಡಲು ತುಳಿಯತೊಡಗಿದರು. ಮರುದಿನ ನೋಡಿದರೆ ಪುಸ್ತಕದ ಬೆನ್ನಿಗೆ ನೀಲಿ ದಾರದ ಹೊಲಿಗೆ ಬಿದ್ದಿತ್ತು.

ವಾರಕ್ಕೊಮ್ಮೆ ನಾವು ಬಾಯ್ಲರ್ ಆರಿಸಿ ತೊಳೆಯುತ್ತೇವೆ. ಹಿಂದಿನ ದಿನ ಬೆಂಕಿ ನಿಲ್ಲಿಸಿದ ಮೇಲೆ ಮುಳ್ಳು ಇಳಿಯುತ್ತಾ ಬರುತ್ತದೆ. ಅದು ಸೊನ್ನೆ ಮುಟ್ಟುವ ಮೊದಲೇ ಮೇಲಿರುವ ಗಾಳಿ ವಾಲ್ವನ್ನು ತೆರೆಯಬೇಕು. ಆರು ವರ್ಷದಲ್ಲಿ ಒಮ್ಮೆಯೂ ಮರೆಯದ ಆ ಕೆಲಸವನ್ನು ಆ ವಾರ, ಇದೇ ಹಾಳು ಲೆಕ್ಕದ ಗುಂಗಿನಲ್ಲಿ, ಮರೆತೆ.

ಬೆಳಿಗ್ಗೆ ಬಂದು ಏಣಿ ಹತ್ತಿದೆ. ಗೇಜು ಸೊನ್ನೆಯಲ್ಲಿತ್ತು. ಒಳಗೆ ಏನೂ ಇಲ್ಲವಲ್ಲ ಎಂದು ವಾಲ್ವು ತಿರುಗಿಸಿದೆ. ಸುಯ್ ಎಂದು ಸದ್ದು. ಹಬೆ ಹಾರುತ್ತದೆಂದು ಮುಖ ಆಚೆ ತಿರುಗಿಸಿದರೆ ಒಂದು ಚೂರೂ ಬಿಸಿ ಇಲ್ಲ. ಬದಲಿಗೆ ಕೈಯಲ್ಲಿದ್ದ ಒರೆಸುವ ಬಟ್ಟೆ ವಾಲ್ವಿನ ಬಾಯಿಗೆ ಪಟ್ಟನೆ ಕಚ್ಚಿಕೊಂಡಿತು. ಎಳೆದರೆ ಬರಲೊಲ್ಲದು.

“ತಾತಾ! ಇದು ಒಳಗೆ ಎಳ್ಕೊಳ್ತಾ ಇದೆ!”

“ಎಳ್ಕೊಳ್ದೆ ಇನ್ನೇನು, ಮುತ್ತು ಕೊಡುತ್ತಾ? ಸಂಜೆ ತೆಗೀಲಿಲ್ವಾ ವಾಲ್ವು?” ತಾತ ಕೆಳಗಿಂದ ಕೂಗಿದರು. “ಹಬೆ ತಣ್ಣಗಾಗಿ ನೀರಾಯ್ತು. ಒಳಗೆ ಖಾಲಿ. ಹೊರಗಿನ ಗಾಳಿ ನುಗ್ತಿದೆ.”

“ಮತ್ತೆ ಗೇಜು ಸೊನ್ನೆ ತೋರಿಸ್ತಿದ್ಯಲ್ಲ?”

“ಸೊನ್ನೆ ಹತ್ರ ಒಂದು ಮೊಳೆ ಇದ್ಯಲ್ಲೋ. ಅದು ತಡೀದಿದ್ರೆ ಮುಳ್ಳು ಇನ್ನೂ ಕೆಳಗೆ ಹೋಗಿರೋದು.”

“ಮುಚ್ಚಳ ತೆಗೆದಿಟ್ಟಾಗಲೂ ಸೊನ್ನೆನೇ ತೋರಿಸುತ್ತೆ. ಆಗ ಒಳಗೆ ತುಂಬ ಗಾಳಿ ಇರುತ್ತೆ.”

“ಇರುತ್ತಪ್ಪ. ಆ ಗಾಳೀನ ಗೇಜು ಲೆಕ್ಕಕ್ಕೇ ಹಿಡಿಯಲ್ಲ. ಹೊರಗಿರೋದಕ್ಕಿಂತ ಎಷ್ಟು ಜಾಸ್ತಿ ಇದೆ ಅಂತ ಹೇಳೋದಷ್ಟೇ ಅದರ ಕೆಲ್ಸ. ಇಳಿ ಈಗ, ಅಲ್ಲೇ ಸಂಸಾರ ಹೂಡ್ಬೇಡ.”

ನಾನು ಇಳಿಯಲಿಲ್ಲ. ಹೊರಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ಒಂದು ಬಾರ್ ಎಂದು ಪುಸ್ತಕದ ಮೊದಲ ಪುಟದಲ್ಲೇ ಇತ್ತು. ಹಾಗಾದರೆ ಗೇಜಿನ ಎರಡು ನಿಜಕ್ಕೂ ಮೂರು. ಜೇಬಿನ ಸೀಮೆಸುಣ್ಣದಿಂದ ಏಣಿಯ ಪಕ್ಕದ ಗೋಡೆಯ ಮೇಲೆ ಬರೆದೆ. ಮೂರನ್ನು ನಾನೂರರಿಂದ ಗುಣಿಸಿ ಮುನ್ನೂರರಿಂದ ಭಾಗಿಸಿದರೆ ನಾಲ್ಕು. ಅದರಲ್ಲಿ ಗೇಜು ಕಾಣದ ಒಂದನ್ನು ಕಳೆದರೆ ಮೂರು.

ಪುಸ್ತಕ ಸರಿಯಾಗಿತ್ತು. ಆರು ವರ್ಷ ದಿನಕ್ಕೆ ಐವತ್ತು ಸಲ ಆ ಗೇಜಿನ ಮುಖ ನೋಡಿಯೂ ಅದು ಏನು ಹೇಳುತ್ತಿದೆ ಎಂದು ಕೇಳದವನು ನಾನು. ಸಿಟ್ಟು ಬಂತು, ಆದರೆ ಬೀಸಿ ಒಗೆಯಲು ಕೈಗೆ ಏನೂ ಸಿಗಲಿಲ್ಲ.

ಮಧ್ಯಾಹ್ನ ಅತ್ತಿಗೆಗೆ ಮಾಡಿ ತೋರಿಸಿದೆ. ಅವರು ಒಂದೊಂದು ಹೆಜ್ಜೆಗೂ ಬೆರಳಿಟ್ಟು ಹಾಳೆ ನೋಡಿದರು.

“ನಾವು ಕಾಲೇಜಲ್ಲಿ ಗೇಜನ್ನ ಮುಟ್ಟಿ ನೋಡ್ದವರೇ ಅಲ್ಲ ಕಣೋ. ಒತ್ತಡ ಇಷ್ಟು ಅಂತ ಕೊಡೋರು, ನಾವು ಬರ್ಕೊಳ್ಳೋದು” ಎಂದರು. ಆಮೇಲೆ ದಾರ ಕಚ್ಚಿ ತುಂಡು ಮಾಡುತ್ತಾ, “ಇವತ್ತಿನ ಪಾಠಕ್ಕೆ ಫೀಸು ಕೇಳ್ಬೇಡ ಮತ್ತೆ!”

ಅಂದಿನಿಂದ ಒಂದೊಂದು ಲೆಕ್ಕವನ್ನೂ ಮೊದಲು ನಾನು ಬಾಯ್ಲರ್ ಕೋಣೆಗೆ ತಂದು ಹಾಕಿ ಹೇಳುವುದು, ಅತ್ತಿಗೆ ಅದನ್ನು ಸೂತ್ರಕ್ಕೆ ಕೂರಿಸುವುದು ಎಂದಾಯಿತು. ಕೊಳವೆಯ ಒಳಗೆ ಸುಣ್ಣದ ಪದರ ಕಟ್ಟಿದರೆ ಎಣ್ಣೆ ಯಾಕೆ ಜಾಸ್ತಿ ಉರಿಯುತ್ತದೆ ಎಂದು ನಾನು ಅವರಿಗೆ ಹೇಳಿದೆ. ಎಷ್ಟು ಜಾಸ್ತಿ ಎಂದು ಅವರು ನನಗೆ ತೋರಿಸಿದರು.

ಪರೀಕ್ಷೆಯಲ್ಲಿ ಎಂಟು ಲೆಕ್ಕ. ಐದು ಸಲೀಸಾಗಿ ಹೋದವು. ಆರನೆಯದರಲ್ಲಿ ಇಟ್ಟಿಗೆ ಗೋಡೆಯ ಮೂಲಕ ಎಷ್ಟು ಶಾಖ ಹೊರಗೆ ಹೋಗುತ್ತದೆ ಎಂದು ಕೇಳಿದ್ದರು. ಗೋಡೆಯ ದಪ್ಪ, ಅಗಲ, ಒಳಮೈಯ ಉಷ್ಣತೆ ಎಲ್ಲ ಕೊಟ್ಟಿದ್ದರು. ಹೊರಮೈಯದು ಇರಲೇ ಇಲ್ಲ.

ಎದ್ದು ನಿಂತು ಮೇಲ್ವಿಚಾರಕರನ್ನು ಕೇಳಿದೆ.

“ಕೊಟ್ಟಿದ್ದಷ್ಟಕ್ಕೆ ಬರೀರಿ.”

“ಕೊಟ್ಟಿಲ್ಲ ಅಂತಾನೇ ಸಾರ್ ನಾನು ಹೇಳ್ತಿರೋದು.”

“ಹಾಗಾದ್ರೆ ಬಿಟ್ಬಿಡಿ. ಕೂತ್ಕೊಳ್ಳಿ.”

ಹಾಳೆಯನ್ನು ಅವರ ಮುಖದ ಮೇಲೆ ಎಸೆದು ಹೊರಗೆ ನಡೆಯಲು ಎರಡು ಹೆಜ್ಜೆ ಸಾಕಿತ್ತು. ಆದರೆ ಕೂತೆ, ಬರೆದೆ: ‘ಗೋಡೆಯ ಹೊರಮೈಯ ಉಷ್ಣತೆ ಕೊಟ್ಟಿಲ್ಲ. ನಾನು ಕೆಲಸ ಮಾಡುವ ಕಡೆ ಅಳೆದಾಗ ಅರುವತ್ತು ಡಿಗ್ರಿ ಇತ್ತು. ಅದನ್ನೇ ಹಿಡಿದಿದ್ದೇನೆ.’ ಅಲ್ಲಿಂದ ಮುಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಮುಗಿಸಿದೆ.

ಮೂರು ವಾರಕ್ಕೆ ಫಲಿತಾಂಶ ಬಂತು, ಜೊತೆಗೆ ಸರ್ಟಿಫಿಕೇಟೂ. ಬೇಕಾದದ್ದಕ್ಕಿಂತ ನಾಲ್ಕು ಅಂಕ ಹೆಚ್ಚು. ಆರನೇ ಲೆಕ್ಕಕ್ಕೆ ಎಷ್ಟು ಕೊಟ್ಟರೆಂದು ಯಾರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ತಾತ ನನ್ನ ಸರ್ಟಿಫಿಕೇಟನ್ನು ಕನ್ನಡಕ ಏರಿಸಿ, ಇಳಿಸಿ ಓದಿದರು. ತಮ್ಮ ಕುರ್ಚಿ ಎತ್ತಿಕೊಂಡು ಬಾಗಿಲಾಚೆ ಬಿಸಿಲಿಗೆ ಹೋಗಿ ಹಾಕಿದರು.

“ಯಾಕೆ ತಾತ?”

“ಇಪ್ಪತ್ತೆಂಟು ವರ್ಷದಿಂದ ಡ್ಯೂಟಿ ಮೇಲೆ ನಿದ್ದೆ ಮಾಡ್ಬೇಕು ಅಂತ ಆಸೆ. ಹೋಗು, ಹೊತ್ತಿಸು.”

ಒಳಗೆ ಹೋದೆ. ನೀರಿನ ಮಟ್ಟ ನೋಡಿದೆ, ಎಣ್ಣೆ ನೋಡಿದೆ, ಹೊತ್ತಿಸಿದೆ. ಮುಳ್ಳು ಏಳುವವರೆಗೂ ಒಬ್ಬನೇ ನಿಂತಿದ್ದೆ.