ಸದ್ದು ನಿಂತ ಫೋನು

ಭಾವ ಅಕ್ಕನ ಕೈ ಮುರಿದದ್ದು ಬಾಗಿಲ ಸಂದಿಯಲ್ಲಿಟ್ಟು. ಒಮ್ಮೆ ಎಳೆದು ಮುಚ್ಚಿದ, ಸಾಲದೆಂದು ಇನ್ನೊಮ್ಮೆ ಎಳೆದ. ಅವನ ಕೈ ಸೇದಿಹೋಗಲಿ. ಆಮೇಲೆ ತಾನೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದ, ಬಚ್ಚಲಲ್ಲಿ ಜಾರಿಬಿದ್ದಳು ಎಂದು ಡಾಕ್ಟರಿಗೆ ತಾನೇ ಹೇಳಿದ, ಹೊರಗಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ಅಕ್ಕ ಮಾಡಿದ್ದ ತಪ್ಪು ಇಷ್ಟೇ. ಅವನಿಗೆ ಹೇಳದೆ ತಂಗಿಯ ಮನೆಗೆ ಹೋಗಿದ್ದಳು. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಅವನು ಬಾಗಿಲಲ್ಲಿ ನಿಂತಿದ್ದ.

ಇದೇನೂ ಮೊದಲಲ್ಲ. ಹಿಂದೊಮ್ಮೆ ವಕೀಲೆಯ ಆಫೀಸಿನ ಮೆಟ್ಟಿಲ ಮೇಲೇ ಅವಳ ಜಡೆ ಹಿಡಿದು ಎಳೆದುಕೊಂಡು ಹೋಗಿದ್ದ. ಅವಳು ಎಲ್ಲಿಗೆ ಕಾಲಿಟ್ಟರೂ ಅವನಿಗೆ ಗೊತ್ತಾಗುತ್ತಿತ್ತು. ಹೇಗೆಂದು ತಂಗಿಗೆ ಅನುಮಾನವೇ ಇರಲಿಲ್ಲ. ಅಕ್ಕನ ಫೋನು ಅವನೇ ಕೊಡಿಸಿದ್ದು, ಅದರೊಳಗೆ ಏನೋ ಕೂತು ಚಾಡಿ ಹೇಳುತ್ತಿದೆ. ಎಸೆದುಬಿಡೋಣವೆಂದರೆ, ಅವನು ಕರೆ ಮಾಡಿದಾಗ ಎತ್ತುವುದು ಕೊಂಚ ತಡವಾದರೂ ಸಂಜೆ ಬೆಲ್ಟು ಬಿಚ್ಚುತ್ತಿದ್ದ. ವಕೀಲೆಯೂ ಖಡಾಖಂಡಿತವಾಗಿ ಹೇಳಿದ್ದಳು.

"ಗೊತ್ತಿದ್ರೆ ಸಾಲದಮ್ಮ, ತೋರಿಸ್ಬೇಕು. ಆ ಫೋನು ಏನು ಹೇಳುತ್ತೆ, ಎಲ್ಲಿಗೆ ಹೇಳುತ್ತೆ ಅಂತ ಹಿಡಿದು ತಂದ್ಕೊಡು. ಅವನು ಅವಳ ಹತ್ತಿರ ಸುಳೀದ ಹಾಗೆ ಆರ್ಡರ್ ತಂದ್ಕೊಡ್ತೀನಿ."

ತಂಗಿಯ ಕಸುಬೇ ಅದು. ಅವಳ ಆಫೀಸಿನವರು ಮಾಡುತ್ತಿದ್ದ ಸಾಫ್ಟ್‌ವೇರು ದೊಡ್ಡ ದೊಡ್ಡ ಕಂಪನಿಗಳ ನೆಟ್‌ವರ್ಕಿನಲ್ಲಿ ಕೂತು, ಯಾವ ಯಂತ್ರ ಯಾರ ಜೊತೆ ಮಾತಾಡುತ್ತಿದೆ, ಯಾವುದು ಬಾಯಿ ಮುಚ್ಚಿಕೊಂಡಿದೆ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿತ್ತು. ಅದಕ್ಕೇ ಆಫೀಸಿನಲ್ಲಿ ಅವಳಿಗೆ ಇಣುಕಮ್ಮ ಎಂದು ಹೆಸರು. ಅಲ್ಲೊಂದು ಪದ್ಧತಿ ಇತ್ತು. ಯಂತ್ರಗಳು ಎಷ್ಟು ಕೂಗಾಡಿದರೂ ಯಾರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಯಾವುದಾದರೂ ಒಂದು ಸುಮ್ಮನಾಯಿತೋ, ಗೋಡೆಯ ಮೇಲಿನ ಗಂಟೆ ಬಡಿದುಕೊಳ್ಳುತ್ತಿತ್ತು. ಬಾಯಲ್ಲಿ ತುತ್ತಿದ್ದರೂ ಎದ್ದು ಓಡಬೇಕು. ಸದ್ದು ನಿಂತರೆ ಗಂಟೆ ಹೊಡೆಯಬೇಕೆಂಬ ಆ ನಿಯಮ ಬರೆದವಳೂ ಇಣುಕಮ್ಮನೇ.

ಅಕ್ಕನ ಫೋನಿನಲ್ಲಿ ಈ ಆಟ ನಡೆಯಲಿಲ್ಲ. ಅದರ ಆಪರೇಟಿಂಗ್ ಸಿಸ್ಟಮ್ ಬಲು ಬಿಗಿ. ಪ್ರತಿ ಆಪಿಗೂ ಅದರದ್ದೇ ಕೋಣೆ, ಹೊರಗಿನಿಂದ ಚಿಲಕ. ಒಂದು ಇನ್ನೊಂದರ ಕಡೆ ತಲೆ ಎತ್ತಿಯೂ ನೋಡಕೂಡದು. ಇಣುಕಮ್ಮ ತನ್ನ ಸಾಫ್ಟ್‌ವೇರನ್ನು ಅದಕ್ಕೆ ಹೊಂದುವಂತೆ ಬರೆದು ಫೋನ್ ಕಂಪನಿಗೆ ಕಳಿಸಿದಳು. ಬೇರೆ ಆಪ್‌ಗಳ ವ್ಯವಹಾರದಲ್ಲಿ ಮೂಗು ತೂರಿಸುವಂತಿಲ್ಲ ಎಂದು ವಾಪಸ್ ಬಂತು. ತಿದ್ದಿ ಕಳಿಸಿದಳು, ಮತ್ತೆ ವಾಪಸ್. ಎಲ್ಲ ಬಳಸುವವರ ಸುರಕ್ಷತೆಗಂತೆ. ಅದನ್ನು ಓದಿ ಅವಳು ಕೀಬೋರ್ಡನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಗುಂಡಿಗಳು ಕಿತ್ತು ನೆಲದ ತುಂಬ ಚೆಲ್ಲಿದವು. ಮನೆಮಂದಿಯ ಕ್ಷೇಮ ನೋಡಿಕೊಳ್ಳುತ್ತೇವೆಂದು ನುಣ್ಣಗೆ ಹೇಳಿಕೊಂಡು ಬರುವ ಆಪ್‌ಗಳನ್ನು ಮಾತ್ರ ಅದೇ ಕಂಪನಿ ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿತ್ತು.

ಕೊನೆಗೆ ಅವಳು ಹಿಂಬಾಗಿಲು ಹುಡುಕಿದಳು. ತಾನೇ ರಸ್ತೆ ಎಂದು ಹೇಳಿಕೊಳ್ಳುವ ವಿಪಿಎನ್ ಆಪಿಗೆ ಆ ಸಿಸ್ಟಮ್ ಒಪ್ಪುತ್ತಿತ್ತು. ಫೋನಿನಿಂದ ಹೊರಡುವುದೆಲ್ಲ ಅದರ ಮೇಲೇ ಹಾದು ಹೋಗುತ್ತದೆ. ಇಣುಕಮ್ಮ ತನ್ನ ಆಪಿಗೆ ರಸ್ತೆಯ ವೇಷ ಹಾಕಿದಳು. ಅಲ್ಲೂ ಕಾಟ ತಪ್ಪಲಿಲ್ಲ. ಕೊಡುವುದು ಒಂದು ಹಿಡಿ ಮೆಮೊರಿ, ಅದನ್ನು ಮೀರಿದರೆ ಸಿಸ್ಟಮ್ ಹೇಳದೆ ಕೇಳದೆ ಆಪನ್ನು ಕೊಂದುಹಾಕುತ್ತಿತ್ತು. ಬರೆದದ್ದರಲ್ಲಿ ಅರ್ಧ ಕಿತ್ತೆಸೆದಳು, ಆಗಲೂ ಆಗಾಗ ಸಾಯುತ್ತಿತ್ತು. ಇರಲಿ, ಬದುಕಿದ್ದಷ್ಟು ಹೊತ್ತು ನೋಡಲಿ ಎಂದು ಅಕ್ಕನ ಫೋನನ್ನು ಆಫೀಸಿನ ಪರೀಕ್ಷೆಯ ಫೋನುಗಳ ಪಟ್ಟಿಗೆ ಸೇರಿಸಿಬಿಟ್ಟಳು. ಅಂಥವಕ್ಕೆ ಫೋನ್ ಕಂಪನಿಯ ಅಪ್ಪಣೆ ಬೇಕಿರಲಿಲ್ಲ.

ಇದೆಲ್ಲ ಕೈ ಮುರಿಯುವ ಮೊದಲೇ ತಯಾರಾಗಿತ್ತು. ಸುದ್ದಿ ತಿಳಿದು ಆಸ್ಪತ್ರೆಗೆ ಓಡಿಬಂದ ಅವಳು, ಪ್ಲಾಸ್ಟರ್ ಹಾಕುವವನು ಪಟ್ಟಿ ನೆನೆಸುತ್ತಿದ್ದಾಗ, ಅಕ್ಕನ ಎಡಗೈ ಹೆಬ್ಬೆರಳು ಒತ್ತಿಸಿ ಫೋನು ತೆರೆದು ಆಪ್ ಒಳಗಿಟ್ಟಳು. ಪರದೆಯ ಮೇಲೊಂದು ಸಣ್ಣ ಗುರುತು ಮೂಡಿತು. ಅದನ್ನು ಅಳಿಸಲು ಸಿಸ್ಟಮ್ ಬಿಡುವುದಿಲ್ಲ, ಭಾವ ನೋಡಿಯಾನು ಎಂದು ಹೆದರಿದಳು. ಮೂಳೆ ಕೂಡಿಸುವ ನೋವಿನಲ್ಲೂ ಅಕ್ಕನಿಗೆ ನಗು ಬಂತು.

"ಅವ್ರು ನನ್ನ ಮುಖಾನೇ ಸರಿಯಾಗಿ ನೋಡಲ್ಲ ಕಣೇ, ಮೂಲೇಲಿರೋ ಗುರುತು ನೋಡ್ತಾರಾ?"

ಆಪ್ ಕೆಲಸ ಮಾಡಿತು. ಆಫೀಸಿನ ತನ್ನ ಪರದೆಯ ಮೇಲೆ ಇಣುಕಮ್ಮನಿಗೆ ಎಲ್ಲ ಕಾಣುತ್ತಿತ್ತು. ಅಕ್ಕನ ಫೋನು ಸದ್ದಿಲ್ಲದೆ ಪದೇ ಪದೇ ಒಂದೇ ವಿಳಾಸಕ್ಕೆ ವರದಿ ಒಪ್ಪಿಸುತ್ತಿತ್ತು: ಮನೆಯಲ್ಲಿದ್ದಾಳೆ, ಅಂಗಡಿಯಲ್ಲಿದ್ದಾಳೆ, ಮನೆಯಲ್ಲಿದ್ದಾಳೆ. ವಾರ ತುಂಬಲಿ, ಆಮೇಲೆ ತಾ ಎಂದಳು ವಕೀಲೆ. ಸುಮ್ಮನೆ ಕೂತು ನೋಡುವುದಷ್ಟೇ ಬಾಕಿಯಿತ್ತು, ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಿಂದ ಫೋನು ಮಾಡಿದಳು. ಪಿಸುದನಿಯಲ್ಲಿ, ಆರ್ಡರ್ ಸಿಕ್ಕ ದಿನವೇ ಹೊರಟುಬಿಡುತ್ತೇನೆ ಎನ್ನುತ್ತಿದ್ದಳು. ಆಗಲೇ ಇಣುಕಮ್ಮನ ಪರದೆಯ ಮೇಲೆ, ಸಣ್ಣ ಸಣ್ಣ ಗೆರೆಗಳಿದ್ದ ಕಡೆ, ದಪ್ಪ ಗೆರೆಯೊಂದು ಎದ್ದಿತು. ಅದೇ ವಿಳಾಸಕ್ಕೆ ಏನೋ ಧಾರಾಳವಾಗಿ ಹರಿಯುತ್ತಿತ್ತು. ಅದು ಧ್ವನಿ. ಜಾಗವನ್ನಷ್ಟೇ ಹೇಳುತ್ತದೆಂದು ಅವರು ತಿಳಿದಿದ್ದ ಫೋನು ಮಾತನ್ನೂ ಕದಿಯುತ್ತಿತ್ತು. ಅಡುಗೆಮನೆಯ ಮಾತೆಲ್ಲ ಹೋಗುತ್ತಿತ್ತು. ಏನೋ ನೆಪ ಹೇಳಿ ಕರೆ ಮುಗಿಸಿದಳು. ಕಂಪನಿಗಳಿಗೆ ಮಾರುವ ಸಾಫ್ಟ್‌ವೇರಿನಲ್ಲಿ ಇರುವಂತೆ ಇದರಲ್ಲೂ 'ತಡೆ' ಎಂಬ ಗುಂಡಿ ಇತ್ತು. ಹಲ್ಲು ಕಚ್ಚಿ ಅದನ್ನು ಒತ್ತಿದಳು. ಗೆರೆ ಮಲಗಿತು. ಸಾಯಿ, ಎಂದಳು.

ಟೀ ಬಗ್ಗಿಸಿಕೊಂಡು ಬಂದಳು. ಲೋಟ ತುಟಿಗಿಟ್ಟಳೋ ಇಲ್ಲವೋ, ಗೋಡೆಯ ಗಂಟೆ ಬಡಿದುಕೊಂಡಿತು. ಎಲ್ಲಿಯದೋ ಕಂಪನಿಯ ಯಾವುದೋ ಯಂತ್ರ ಸುಮ್ಮನಾಗಿತ್ತು. ಜೊತೆಯವರೆಲ್ಲ ಊಟದ ಡಬ್ಬಿ ಬಿಟ್ಟು ಎದ್ದು ಓಡಿದರು. ಇಣುಕಮ್ಮ ಮಾತ್ರ ನಿಂತಲ್ಲೇ ನಿಂತಳು.

ಭಾವನ ಹತ್ತಿರವೂ ಒಂದು ಗಂಟೆ ಇದ್ದೇ ಇರುತ್ತದೆ. ಇಷ್ಟು ವರ್ಷ ಅದೇ ಗಂಟೆ ಬರೆದು ಅನ್ನ ತಿಂದವಳಿಗೆ, ಅಕ್ಕನ ಫೋನಿನ ಬಾಯಿ ಕಟ್ಟುವಾಗ ಅದು ಹೊಳೆಯಲಿಲ್ಲ. ಅವಳು ಅಕ್ಕನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಲೋಟ ಎಲ್ಲಿ ಬಿಟ್ಟಳೋ, ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಸ್ಕೂಟರು ಹತ್ತಿ ಹೊರಟಳು.

ಅವನ ಕಾರು ಗೇಟಿಗೆ ಅಡ್ಡಡ್ಡ ನಿಂತಿತ್ತು, ಎಂಜಿನ್ ಕೂಡ ಆರಿಸಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ದಿಕ್ಕಾಪಾಲಾಗಿ ಬಿದ್ದಿದ್ದವು. ಭಾವ ಅಕ್ಕನ ಕೂದಲು ಮುಷ್ಟಿಗೆ ಸುತ್ತಿಕೊಂಡು ಅವಳ ಮುಖವನ್ನು ಸಿಂಕಿನ ಅಂಚಿಗೆ ಬಡಿಯುತ್ತಿದ್ದ. ಪ್ರತಿ ಸಲ ಬಡಿದಾಗಲೂ ಒಂದೇ ಪ್ರಶ್ನೆ. ಯಾರು ನಿಲ್ಲಿಸಿದ್ದು? ಅಕ್ಕನ ಬಾಯಿಂದ ರಕ್ತದ ಜೊತೆ ಒಂದೇ ಉತ್ತರ ಬರುತ್ತಿತ್ತು, ಗೊತ್ತಿಲ್ಲ. ಪಾಪ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನಾನು," ಎಂದಳು ತಂಗಿ ಬಾಗಿಲಲ್ಲಿ ನಿಂತು. "ಅವಳನ್ನ ಬಿಡಿ ಭಾವ. ನಿಲ್ಲಿಸಿದ್ದು ನಾನು."

ಅವನು ಅಕ್ಕನನ್ನು ಬಿಟ್ಟ. ಇವಳು ಕೈಗೆ ಸಿಕ್ಕಿದ ಬಾಣಲೆ ಬೀಸಿದಳು. ಅದು ಅವನ ಭುಜಕ್ಕೆ ತಾಗಿ ಜಾರಿತು. ಅವನ ಮೊದಲ ಗುದ್ದಿಗೆ ಇವಳ ಮುಂದಿನ ಹಲ್ಲು ಮುರಿಯಿತು, ಎರಡನೆಯದಕ್ಕೆ ನೆಲಕ್ಕೆ ಬಿದ್ದಳು. ಅವನು ಎದೆಯ ಮೇಲೆ ಮಂಡಿಯೂರಿ ಎರಡೂ ಕೈಯಿಂದ ಕತ್ತು ಹಿಸುಕತೊಡಗಿದ. ಇವಳು ಪರಚಿದಳು, ಅವನ ಬೆರಳು ಕಚ್ಚಿ ಚರ್ಮ ಕಿತ್ತಳು, ಆದರೂ ಅವನು ಬಿಡಲಿಲ್ಲ. ಕಣ್ಣು ಕತ್ತಲಿಡುತ್ತ ಬಂತು. ಅವನ ಹೆಗಲ ಹಿಂದೆ ಅಕ್ಕ ಎದ್ದು ನಿಂತದ್ದು ಮಾತ್ರ ಕಂಡಿತು.

ಅಕ್ಕ ಬಲಗೈ ಎತ್ತಿದಳು. ಅವನು ಮುರಿದಿದ್ದ ಕೈ, ಮೊಣಕೈವರೆಗೂ ಕಲ್ಲಿನಂತೆ ಗಟ್ಟಿಯಾಗಿದ್ದ ಪ್ಲಾಸ್ಟರು. ಅದನ್ನು ಅವನ ನೆತ್ತಿಗೆ ಅಪ್ಪಳಿಸಿದಳು. ಅವನು ತಿರುಗಿ ನೋಡಿದ. ಇನ್ನೊಮ್ಮೆ ಅಪ್ಪಳಿಸಿದಳು. ಪ್ಲಾಸ್ಟರು ಬಿರಿಯಿತು, ಒಳಗಿನ ಮೂಳೆ ಮತ್ತೆ ಲಟಕ್ಕೆಂದದ್ದು ಇವಳಿಗೂ ಕೇಳಿಸಿತು. ಅಕ್ಕ ಕೂಗಲಿಲ್ಲ. ಅವನು ಪಕ್ಕಕ್ಕೆ ಉರುಳುವವರೆಗೂ ಹೊಡೆದಳು, ಆಮೇಲೆ ನಿಲ್ಲಿಸಿದಳು.

ಅವನಿಗೆ ಉಸಿರಿತ್ತು. ಅದನ್ನು ಕಂಡು ತಂಗಿಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು. ಅವಳು ನೆಲದ ಮೇಲೇ ಕೆಮ್ಮುತ್ತ ಬಿದ್ದಿದ್ದಾಗ, ಅಕ್ಕ ಅವಳ ಜೇಬಿನಿಂದ ಫೋನು ತೆಗೆದು ಎಡಗೈಯಲ್ಲೇ ಆಂಬುಲೆನ್ಸಿಗೆ ಕರೆ ಮಾಡಿದಳು. ಮನೆಯ ವಿಳಾಸ ಹೇಳಿದಳು. ಏನಾಯಿತೆಂದು ಆ ಕಡೆಯವರು ಕೇಳಿರಬೇಕು.

"ನಮ್ಮೆಜಮಾನ್ರು," ಎಂದಳು. "ಬಚ್ಚಲಲ್ಲಿ ಜಾರಿಬಿದ್ರು."

ಅಷ್ಟರಲ್ಲಿ ಭಾವನ ಅಂಗಿಯ ಜೇಬಿನಲ್ಲಿ ಅವನ ಫೋನು ಗುರ್ರೆಂದಿತು. ತಂಗಿ ತೆವಳಿಕೊಂಡು ಹೋಗಿ ನೋಡಿದಳು. ಸಿಸ್ಟಮ್ ಎಂದಿನಂತೆ ಅವಳ ಆಪನ್ನು ಕೊಂದುಹಾಕಿತ್ತು, ಚಾಡಿಕೋರನ ಬಾಯಿ ಮತ್ತೆ ಬಿಚ್ಚಿತ್ತು.

"ಏನಂತೆ?" ಎಂದಳು ಅಕ್ಕ.

"ನೀನು ಮನೇಲಿದೀಯಂತೆ."

ತಂಗಿಗೆ ಅಳು ತಡೆಯಲಾಗಲಿಲ್ಲ. ತನ್ನಿಂದಲೇ ಆಯಿತು, ತಾನೇ ಸುಮ್ಮನಿರಲಾರದೆ ಕೆಡಿಸಿದೆ ಎಂದು ತಲೆ ಚಚ್ಚಿಕೊಂಡಳು. ಅಕ್ಕ ಅವಳನ್ನು ಎಡಗೈಯಿಂದ ಹಿಡಿದು ಎಬ್ಬಿಸಿದಳು. ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಸಿಂಕಿನ ಪಕ್ಕ ಬಿದ್ದಿದ್ದ ತನ್ನ ಫೋನನ್ನು ಎತ್ತಿ, ಒರೆಸಿ, ಒಲೆಯ ಕಟ್ಟೆಯ ಮೇಲೆ ಜೋಪಾನವಾಗಿಟ್ಟಳು.

"ಬಾ ಹೋಗೋಣ," ಎಂದಳು. "ಅದು ಹಾಗೇ ಹೇಳ್ತಿರ್ಲಿ."

ವಕೀಲೆಯ ಆಫೀಸಿನ ಮೆಟ್ಟಿಲನ್ನು ಅಕ್ಕ ಆ ದಿನ ಯಾರೂ ಎಳೆಯದೆ, ಪೂರ್ತಿ ಹತ್ತಿದಳು. ಅವಳು ಮನೆಯಲ್ಲೇ ಇದ್ದಾಳೆಂದು ಫೋನು ಇನ್ನೂ ಹೇಳುತ್ತಲೇ ಇತ್ತು.